ನೋವು ಹೋದ ಮಳೆಗಾಲ

ಮೊನ್ನೆ ಸರಗೂರಿನ ಬಸ್ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ ಕೆಳಗಿಳಿದೆ. ಹೂವಿನ ಅಂಗಡಿಯ ಹೆಂಗಸೊಬ್ಬಳು ಬಾಡಿದ ಹಾರಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದಳು. ಹಾರದೊಳಗಿನ ಒಣಗಿದ ಮಾಚಿಪತ್ರೆ ಸುಡುವ ವಾಸನೆ ಗಾಳಿಯಲ್ಲಿ ತೇಲಿ ಬಂತು. ಸ್ವಲ್ಪ ಕಹಿ, ಸ್ವಲ್ಪ ಘಮ. ನನ್ನ ಕೈ ತಾನಾಗಿಯೇ ಸೊಂಟದ ಮೇಲೆ ಹೋಯಿತು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲವಿಡೀ ಇದೇ ವಾಸನೆಯ ನಡುವೆ ಬೋರಲು ಮಲಗಿ, ಬೆನ್ನ ತುಂಬ ಸೂಜಿ ಚುಚ್ಚಿಸಿಕೊಂಡಿದ್ದೆ. ಆ ಮಳೆಗಾಲ ನನಗೆ ನನ್ನ ಮೈಯ ಬಗ್ಗೆ ಕಲಿಸಿದ್ದನ್ನು ಅದಕ್ಕೂ ಮೊದಲು ಯಾರೂ ಕಲಿಸಿರಲಿಲ್ಲ.

ನಾನು ಸರ್ಕಾರಿ ಬಸ್ಸಿನ ಚಾಲಕ. ಹೆಸರು ಮಹದೇವ, ಮನೆ ಅಂತರಸಂತೆಯಲ್ಲಿ. ಆಗ ನನಗೆ ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಕಾಡಿನೊಳಗಿಂದ ಕೇರಳದ ಮಾನಂದವಾಡಿಗೆ ಹೋಗುವ ಮಾರ್ಗ ಕೊಟ್ಟಿದ್ದರು. ಕಾಡಿನ ರಸ್ತೆಯಲ್ಲಿ ಪ್ರಾಣಿಗಳಿಗಾಗಿ ಹಾಕಿದ ಉಬ್ಬುಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಸಂಜೆ ಅರಣ್ಯ ಇಲಾಖೆಯ ಗೇಟು ಮುಚ್ಚುವುದರೊಳಗೆ ಈಚೆ ಬರಬೇಕು. ಸೀಟಿನ ಕೆಳಗಿನ ನಡುಕ ಬೆನ್ನುಮೂಳೆಯನ್ನು ಹತ್ತಿ ಕತ್ತಿನವರೆಗೂ ಬರುತ್ತದೆ. ಇದೆಲ್ಲ ಚಾಲಕರಿಗೆ ಹೊಸದಲ್ಲ. ಯಾರನ್ನು ಕೇಳಿದರೂ ಸೊಂಟದ ಮೇಲೆ ಕೈ ಇಟ್ಟು, "ಇರ್ತದೆ ಬುಡು" ಅನ್ನುತ್ತಾರೆ.

ಆ ವರ್ಷ ಮಳೆ ಹಿಡಿದ ಮೊದಲ ವಾರ, ಮನೆಯ ಹಿತ್ತಲಲ್ಲಿ ಮುಖ ತೊಳೆಯಲು ಬಗ್ಗಿದ್ದೆ. ಒಂದು ಸೀನು ಬಂತು, ಅಷ್ಟೇ. ಸೊಂಟದಲ್ಲಿ ಏನೋ ಕಳಚಿದ ಹಾಗಾಗಿ, ಕಾದ ತಂತಿಯೊಂದನ್ನು ಬಲಗಡೆಯ ಕುಂಡಿಯಿಂದ ಮೀನಖಂಡದವರೆಗೆ ಎಳೆದಂತಾಯಿತು. ನೆಟ್ಟಗಾಗಲು ಬರಲಿಲ್ಲ. ನನ್ನ ಹೆಂಡತಿ ಜಯಮ್ಮ ಓಡಿ ಬಂದು ತೋಳು ಹಿಡಿದಳು.

"ನಡ ಹಿಡ್ಕತಾ? ಅಂಗೇ ಇರಿ, ಅಳ್ಳಾಡ್ಬೇಡಿ" ಎಂದಳು.

ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರನ್ನು ಸೊಂಟಕ್ಕೆ ಹೊಯ್ದಳು. ಸಂಜೆಗೆ ಪಕ್ಕದ ಬೀದಿಯ ನಿಂಗಜ್ಜನನ್ನು ಕರೆತಂದಳು. ನಿಂಗಜ್ಜ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವನು. ಅಂಥವರು ತುಳಿದರೆ ಉಳುಕು ಬಿಡುತ್ತದೆಂದು ನಮ್ಮಲ್ಲಿ ನಂಬಿಕೆ. ಅಜ್ಜ ನನ್ನನ್ನು ಜಗಲಿಯ ಮೇಲೆ ಬೋರಲು ಮಲಗಿಸಿ, ಗೋಡೆ ಹಿಡಿದುಕೊಂಡು ಹಿಮ್ಮಡಿಯಿಂದ ಮೆಲ್ಲಗೆ ಒತ್ತಿದ. ನಿಜ ಹೇಳಬೇಕೆಂದರೆ ಹಾಯೆನಿಸಿತು. ಎರಡು ದಿನ ಡ್ಯೂಟಿಗೂ ಹೋದೆ. ಮೂರನೆಯ ದಿನ ಕೇರಳದ ಗಡಿಯ ಬಾವಲಿಯ ಹತ್ತಿರ ಒಂದು ಉಬ್ಬು ದಾಟುವಾಗ ತಂತಿ ಮತ್ತೆ ಕಾಯಿತು. ನಿಂಗಜ್ಜ ತುಳಿದಾಗ ಹಾಯೆನಿಸಿದ್ದು ಯಾಕೆ, ಆಮೇಲೆ ಅದು ಉಳಿಯಲಿಲ್ಲ ಯಾಕೆ? ನನ್ನೊಳಗೆ ಆ ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ.

ನನ್ನ ಬಸ್ಸಿನ ಕಂಡಕ್ಟರ್ ಮಂಜುಳಾ ಪಿರಿಯಾಪಟ್ಟಣದ ಕಡೆಯ ಹುಡುಗಿ. ಮಾತಿನಲ್ಲಿ ಚುರುಕು.

"ಅಣ್ಣಾ, ನಿಮ್ಮ ಮುಖ ನೋಡುದ್ರೆ ಪ್ಯಾಸೆಂಜರು ಬಸ್ ಅತ್ತಕ್ಕೇ ಎದರ್ಕತಾರೆ" ಎಂದಳು ಒಂದು ದಿನ. "ಕೋಟೇಲಿ ಬೀನಾ ಡಾಕ್ಟ್ರು ಅಂತವ್ರೆ. ಸೂಜಿ ಚುಚ್ಚಿ ನೋವು ತೆಗೀತಾರೆ. ನಮ್ಮವ್ವನ ಮಂಡಿನೋವು ಅವ್ರತ್ರವೇ ಕಮ್ಮಿ ಆಗಿದ್ದು."

"ಸೂಜಿ ಅಂದ್ರೆ ಇಂಜೆಕ್ಷನ್ನಾ?"

"ಅಲ್ಲ ಕಣಣ್ಣ, ಬರೀ ಸೂಜಿ. ಒಳ್ಗೆ ಏನೂ ಇರಕ್ಕಿಲ್ಲ."

ಒಳಗೆ ಏನೂ ಇಲ್ಲದ ಸೂಜಿ ನೋವನ್ನು ಹೇಗೆ ತೆಗೆಯುತ್ತದೆ? ನೋವಿಗಿಂತ ಹೆಚ್ಚಾಗಿ ಆ ಕುತೂಹಲವೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಯಿತು.

ಡಾಕ್ಟರ್ ಬೀನಾ ಮಾನಂದವಾಡಿಯವರು. ಪ್ರಕೃತಿ ಚಿಕಿತ್ಸೆ ಓದಿ, ಕೋಟೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕ್ಲಿನಿಕ್ ಇಟ್ಟಿದ್ದರು. ಮೆಟ್ಟಿಲು ಹತ್ತುವಾಗ ಕೆಳಗಿನ ಯೂರಿಯಾ ವಾಸನೆ, ಮೇಲೆ ಹೋದರೆ ಮಾಚಿಪತ್ರೆಯ ಹೊಗೆ. ಮಾಚಿಪತ್ರೆಯ ಜಾತಿಯದೇ ಗಿಡದ ಒಣ ಎಲೆಯನ್ನು ಅರೆದು, ಕಾಗದದಲ್ಲಿ ಸುತ್ತಿ ದಪ್ಪ ಕಡ್ಡಿ ಮಾಡಿ, ತುದಿಗೆ ಕೆಂಡ ಹಚ್ಚಿ, ನೋವಿನ ಜಾಗದ ಹತ್ತಿರ ಹಿಡಿದು ಶಾಖ ಕೊಡುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ಡಾಕ್ಟರು ಚುಟ್ಟ ಸೇದುತ್ತಿದ್ದಾರೆ ಅಂದುಕೊಂಡಿದ್ದೆ.

ಅವರು ಸೂಜಿ ಕೈಗೆತ್ತಿಕೊಳ್ಳುವ ಮೊದಲು ಪ್ರಶ್ನೆ ಕೇಳಲು ಕುಳಿತರು. ಮಲಯಾಳಿಗಳ ಉಚ್ಚಾರ, ಆದರೆ ಪ್ರತಿ ಪದವನ್ನೂ ಪೂರ್ತಿ ಹೇಳುವ ಕನ್ನಡ.

"ನೋವು ಸೊಂಟದಲ್ಲೇ ನಿಲ್ಲುತ್ತದಾ, ಕಾಲಿಗೆ ಇಳಿಯುತ್ತದಾ? ಕೆಮ್ಮಿದರೆ ಜಾಸ್ತಿಯಾ? ಮಲಗಿದಾಗ ಕಡಿಮೆಯಾಗುತ್ತದಾ? ಜ್ವರ ಬರುತ್ತದಾ? ಮೂತ್ರಕ್ಕೆ ಹೋಗುವಾಗ ತೊಂದರೆ ಇದೆಯಾ?"

"ನೋವು ಸೊಂಟುಕ್ಕೆ ತಾನೇ ಮೇಡಂ, ಮೂತ್ರದ ಮಾತ್ಯಾಕೆ?" ಎಂದು ಕೇಳಿದೆ.

ಅವರು ನಕ್ಕರು. "ಸೊಂಟ ಅನ್ನುವುದು ದೊಡ್ಡ ಜಂಕ್ಷನ್. ಯಾವ ಯಾವ ಊರಿನ ಬಸ್ಸು ಅಲ್ಲಿ ಬಂದು ನಿಲ್ಲುತ್ತದೋ ಹೇಳಲಿಕ್ಕಾಗುವುದಿಲ್ಲ. ಮಾಂಸಖಂಡ ಉಳುಕಿದರೂ ಸೊಂಟ ನೋವು, ಮೂತ್ರಪಿಂಡದಲ್ಲಿ ಕಲ್ಲಿದ್ದರೂ ಸೊಂಟ ನೋವು. ಹೆಂಗಸರಿಗೆ ಗರ್ಭಕೋಶದ ತೊಂದರೆ ಇದ್ದರೂ ಅಲ್ಲೇ. ಹೆಚ್ಚಿನವರದು ಸುಮ್ಮನೆ ಉಳುಕು, ತಾನಾಗಿ ಹೋಗುತ್ತದೆ. ಆದರೆ ಯಾವುದು ಸುಮ್ಮನೆ ಹೋಗುವುದು, ಯಾವುದು ಹೋಗದೇ ಇರುವುದು ಅಂತ ಮೊದಲು ನೋಡಬೇಕು."

ಮಂಡಿಗೆ ಸುತ್ತಿಗೆಯಿಂದ ತಟ್ಟಿದರು. ಮಲಗಿಸಿ ಕಾಲೆತ್ತಿಸಿದರು; ಬಲಗಾಲು ಅರ್ಧಕ್ಕೆ ಏಳುವಷ್ಟರಲ್ಲಿ ನಾನು ಕೂಗಿದೆ. ಬೆರಳಿನ ಮೇಲೆ ನಡೆಸಿದರು, ಹಿಮ್ಮಡಿಯ ಮೇಲೆ ನಡೆಸಿದರು. ಆ ದಿನ ಎರಡೂ ಪಾದಗಳಲ್ಲಿ ಶಕ್ತಿ ಸಮವಾಗಿತ್ತು. ಪ್ಯಾಂಟಿನ ಹಿಂಬದಿ ಜೇಬಿನಲ್ಲಿದ್ದ ದಪ್ಪ ಪರ್ಸನ್ನು ತೆಗೆಸಿ, "ಇದರ ಮೇಲೆ ಕೂತು ದಿನವೆಲ್ಲ ಬಸ್ ಓಡಿಸುತ್ತೀರಾ? ಸೊಂಟ ಒಂದು ಕಡೆ ವಾಲಿಯೇ ಇರುತ್ತದಲ್ಲ" ಎಂದರು.

ಬೆನ್ನಿನ ಎರಡು ಮೂಳೆಗಳ ನಡುವೆ ಒಂದು ಮೆತ್ತೆ ಇರುತ್ತದೆ, ಅದರ ಹೊರಗಿನ ಕವಚ ಗಟ್ಟಿ, ಒಳಗೆ ಲೋಳೆಯಂಥದ್ದು ಇರುತ್ತದೆ, ವರ್ಷಗಟ್ಟಲೆ ಕೂತು, ಅದುರಿ, ಬಗ್ಗಿ ಕವಚ ಬಿರುಕು ಬಿಟ್ಟರೆ ಒಳಗಿನದು ಉಬ್ಬಿ ಪಕ್ಕದ ನರವನ್ನು ಒತ್ತುತ್ತದೆ ಎಂದು ಪ್ಲಾಸ್ಟಿಕ್ ಬೆನ್ನುಮೂಳೆಯೊಂದನ್ನು ಹಿಡಿದು ತೋರಿಸಿದರು. ನನಗೆ ತಕ್ಷಣ ಅರ್ಥವಾಯಿತು. ಟೈರು ಸೀಳಿ ಟ್ಯೂಬು ಹೊರಗೆ ಇಣುಕುವುದನ್ನು ನಾನು ಎಷ್ಟು ಸಲ ನೋಡಿಲ್ಲ!

"ಹಾಗಾದ್ರೆ ಸೂಜಿ ಚುಚ್ಚುದ್ರೆ ಟ್ಯೂಬು ಒಳಗೆ ಓಯ್ತದಾ?"

"ಇಲ್ಲ. ಟ್ಯೂಬಿಗೆ ನಾನು ಏನೂ ಮಾಡುವುದಿಲ್ಲ. ತುಂಬ ಜನಕ್ಕೆ ಅದು ನಿಧಾನಕ್ಕೆ ತಾನೇ ಕರಗುತ್ತದೆ. ಅಲ್ಲಿವರೆಗೆ ನೋವು ತಡೆಯಲು, ಬಿಗಿದ ಮಾಂಸಖಂಡ ಸಡಿಲಾಗಲು ಸೂಜಿ."

ಬೋರಲು ಮಲಗಿದೆ. ಅವರು ಮುಚ್ಚಿದ ಪೊಟ್ಟಣ ಹರಿದು ಹೊಸ ಸೂಜಿಗಳನ್ನು ತೆಗೆದರು. ಕೂದಲೆಳೆಯಷ್ಟು ಸಣ್ಣವು. ಸೊಂಟದ ಎರಡೂ ಪಕ್ಕ, ಮಂಡಿಯ ಹಿಂದಿನ ಮಡಿಕೆಯಲ್ಲಿ, ಕಾಲಿನ ಹರಡಿನ ಹೊರಬದಿಯಲ್ಲಿ ಒಂದೊಂದಾಗಿ ಇಳಿಸಿದರು. ಚುಚ್ಚಿದ್ದು ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಆಮೇಲೆ ಸೂಜಿಯನ್ನು ಬೆರಳಿನಲ್ಲಿ ತಿರುವಿದಾಗ ಒಳಗೆ ಭಾರವಾದದ್ದೊಂದು ಹರಡಿ, ಕಾಲು ಜೋಮು ಹಿಡಿದಂತಾಯಿತು. ಹೊರಗೆ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಕಡ್ಡಿಯ ಹೊಗೆ ಕಿಟಕಿಯತ್ತ ಸಾಗುತ್ತಿತ್ತು. ಸೊಂಟ ಹಿಡಿದ ದಿನದಿಂದಲೂ ಸರಿಯಾಗಿ ನಿದ್ದೆ ಮಾಡಿರದ ನಾನು ಅಲ್ಲೇ ಗೊರಕೆ ಹೊಡೆದೆನಂತೆ.

ಒಂದೇ ಸಲಕ್ಕೆ ಪವಾಡವೇನೂ ಆಗಲಿಲ್ಲ. ರಜೆ ಹಾಕಿ ವಾರಕ್ಕೆರಡು ಸಲ ಹೋಗತೊಡಗಿದೆ. ಅಲ್ಲಿನ ಬೆಂಚಿನ ಮೇಲೆಯೇ ಚೆಲುವಮ್ಮನ ಪರಿಚಯವಾದದ್ದು. ಆಕೆ ಕಾಡಂಚಿನ ಗಿರಿಜನರ ಹಾಡಿಯವಳು, ನನಗಿಂತ ಸ್ವಲ್ಪ ಹಿರಿಯಳು. ಮಳೆಗಾಲದಲ್ಲಿ ಹೊಗೆಸೊಪ್ಪಿನ ಹೊಲಗಳಲ್ಲಿ ಎಲೆ ಮುರಿಯುವ ಕೂಲಿ. ಮೊದಲು ಕೊಯ್ಲಿಗೆ ಬರುವುದು ಗಿಡದ ಬುಡದ ಎಲೆ; ಅದಕ್ಕೆ ಬೆಳಗಿನಿಂದ ನೆಲಕ್ಕೆ ಬಾಗಿಯೇ ಇರಬೇಕು. ಸೊಂಟ ನೋವು ಅಂದರೆ ಯಾರಿಗೂ ಆಶ್ಚರ್ಯವಿಲ್ಲ.

"ಎಲೆ ಮುರ್ದೂ ಮುರ್ದೂ ನಡುವೇ ಮುರ್ದೋಯ್ತು ಕಣಣ್ಣಯ್ಯ" ಎಂದು ಆಕೆಯೇ ನಗುತ್ತಿದ್ದಳು.

ಆದರೆ ಡಾಕ್ಟರ್ ಆಕೆಗೆ ಒಂದು ಸೂಜಿಯನ್ನೂ ಚುಚ್ಚಲಿಲ್ಲ. ಬಾಗಿಲು ತೆರೆದೇ ಇತ್ತು, ಮಾತು ಕೇಳಿಸುತ್ತಿತ್ತು. ಮಲಗಿದರೂ ನೋವು ಹೋಗುವುದಿಲ್ಲ, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ರವಿಕೆ ಸಡಿಲವಾಗಿದೆ ಎಂದಳು ಚೆಲುವಮ್ಮ. ಡಾಕ್ಟರ್ ಬೆನ್ನುಮೂಳೆಯ ಒಂದು ಗಂಟಿನ ಮೇಲೆ ಬೆರಳಿಟ್ಟು ತಟ್ಟಿದಾಗ ಆಕೆ ಚೀರಿದಳು.

"ನಾನು ಸೂಜಿ ಹಾಕುವುದಿಲ್ಲ ಅಮ್ಮ. ಇದು ಬಗ್ಗಿ ಬಂದ ನೋವಿನ ಹಾಗೆ ಕಾಣುವುದಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ಫೋಟೋ ತೆಗೆಸಬೇಕು."

"ಇಷ್ಟು ದೂರದಿಂದ ಬಂದಿವ್ನಿ. ಒಂದಾದ್ರೂ ಚುಚ್ಚಿ ಕಳ್ಸವ್ವ" ಎಂದು ಚೆಲುವಮ್ಮ ಅಂಗಲಾಚಿದಳು. ಡಾಕ್ಟರ್ ಒಪ್ಪಲಿಲ್ಲ. ತಾವೇ ಫೋನು ಮಾಡಿ, ಮರುದಿನ ಯಾರನ್ನು ಕಾಣಬೇಕೆಂದು ಹೇಳಿ ಕಳಿಸಿದರು. ಆಮೇಲೆ ತಿಳಿಯಿತು, ಅದು ಬೆನ್ನುಮೂಳೆಗೆ ಬಂದ ಕ್ಷಯ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆಂದು ತಿಳಿದಿದ್ದವನು ನಾನು. ಸರ್ಕಾರಿ ಆಸ್ಪತ್ರೆಯ ಮಾತ್ರೆ ತಿಂಗಳುಗಟ್ಟಲೆ ನುಂಗಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಚೆಲುವಮ್ಮ ಮುಂದಿನ ಮಳೆಗಾಲಕ್ಕೆ ಗುಣವಾದಳು. ಆ ದಿನ ಮಾತ್ರ, ಸೂಜಿ ಹಾಕುವ ಡಾಕ್ಟರು ಸೂಜಿ ಹಾಕುವುದಿಲ್ಲ ಅಂದದ್ದು ನನಗೆ ವಿಚಿತ್ರವಾಗಿ ಕಂಡಿತ್ತು.

ಆಷಾಢ ಕಳೆಯುವಷ್ಟರಲ್ಲಿ ನನ್ನ ನೋವು ಹಿಂದೆ ಸರಿಯತೊಡಗಿತು. ಮೊದಲು ಮೀನಖಂಡ ಬಿಟ್ಟಿತು, ಆಮೇಲೆ ತೊಡೆ. ಒಂದು ಬೆಳಿಗ್ಗೆ ಬಗ್ಗಿ ಮುಖ ತೊಳೆದು ನೆಟ್ಟಗೆ ನಿಂತ ಮೇಲೆ ಹೊಳೆಯಿತು, ನೋವೇ ಇಲ್ಲ! ಜಯಮ್ಮ ಒಬ್ಬಟ್ಟು ಮಾಡಿದಳು. ಡ್ಯೂಟಿಗೆ ಮರಳಿದೆ. ಕಬಿನಿ ತುಂಬಿತ್ತು, ಕಾಡು ತೊಳೆದಿಟ್ಟ ಹಾಗಿತ್ತು. ಮಂಜುಳಾ ಟಿಕೆಟ್ ಕೊಡುತ್ತಾ ಪ್ರಯಾಣಿಕರಿಗೆಲ್ಲ ಬೀನಾ ಡಾಕ್ಟರ ವಿಳಾಸ ಹೇಳುತ್ತಿದ್ದಳು. ನಾನು ಕ್ಲಿನಿಕ್ಕಿಗೆ ಹೋಗುವುದನ್ನು ನಿಲ್ಲಿಸಿದೆ. ನೋವಿಲ್ಲದವನಿಗೆ ವೈದ್ಯರೇಕೆ?

ಆ ದಿನಗಳಲ್ಲಿ ಒಂದು ಸಣ್ಣ ತಮಾಷೆ ನಡೆಯುತ್ತಿತ್ತು. ನಡೆಯುವಾಗ ನನ್ನ ಬಲಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು. ಕಳಚಿದ್ದು ಗೊತ್ತೂ ಆಗುತ್ತಿರಲಿಲ್ಲ. ಚಪ್ಪಲಿ ಸವೆದಿದೆ ಅಂದುಕೊಂಡು ಹೊಸದು ಕೊಂಡೆ. ಅದೂ ಹಾಗೇ.

"ಒಂದೆಜ್ಜೆಗೆ ಟಪ್ ಅಂತದೆ, ಇನ್ನೊಂದೆಜ್ಜೆಗೆ ಸರ್ರಂತದೆ. ನೀವು ಬರದು ಬೀದಿ ಕೊನೇಗೇ ಗೊತ್ತಾಯ್ತದೆ ಕಣ್ರೀ" ಎಂದು ಜಯಮ್ಮ ನಗುತ್ತಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ, ಕೋಟೆಯಲ್ಲಿ ಟ್ರಿಪ್ಪಿಗೆ ಮುಂಚೆ ಸ್ವಲ್ಪ ಹೊತ್ತು ಬಿಡುವಿತ್ತು. ಹಿತ್ತಲಿನ ಏಲಕ್ಕಿ ಬಾಳೆಯ ಚಿಪ್ಪೊಂದನ್ನು ಡಾಕ್ಟರಿಗೆ ಕೊಟ್ಟು ಬರೋಣವೆಂದು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದೆ. ಬಾಗಿಲ ಬಳಿ ಚಪ್ಪಲಿ ಕಳಚಿತು. ನಗುತ್ತಾ ಬಾಳೆಹಣ್ಣು ಮೇಜಿನ ಮೇಲಿಟ್ಟೆ. ಡಾಕ್ಟರ್ ನಗಲಿಲ್ಲ. ನನ್ನ ಪಾದವನ್ನೇ ನೋಡುತ್ತಿದ್ದರು.

"ಹಿಮ್ಮಡಿ ಮೇಲೆ ನಡೆಯಿರಿ."

ನಡೆದೆ. ಎಡ ಪಾದದ ಮುಂಭಾಗ ಮೇಲೆದ್ದಿತು. ಬಲದ್ದು ಏಳಲಿಲ್ಲ. ಎತ್ತು ಎಂದು ನಾನು ಹೇಳುತ್ತಿದ್ದೆ, ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಹೆಬ್ಬೆರಳನ್ನು ಮೇಲೆತ್ತಿ ಹಿಡಿಯಲು ಹೇಳಿ, ಅವರು ತಮ್ಮ ಒಂದೇ ಬೆರಳಿನಿಂದ ಒತ್ತಿದರು. ಸೋತು ಕೆಳಗೆ ಬಂತು.

"ನೋವು?"

"ಚೂರೂ ಇಲ್ಲ ಮೇಡಂ. ನಿಮ್ಮ ಕೈಗುಣ."

"ನೋವು ಹೋಗುವುದು ಬೇರೆ, ನರ ಸರಿಯಾಗುವುದು ಬೇರೆ ಮಹದೇವಣ್ಣ" ಎಂದರು. ಅವರ ದನಿ ತಗ್ಗಿತ್ತು. "ನರದ ಮೇಲಿನ ಒತ್ತಡ ಜಾಸ್ತಿಯಾಗಿದೆ. ಪಾದ ಬೀಳುತ್ತಿದೆ. ಇವತ್ತಿನಿಂದ ಬಸ್ ಓಡಿಸಬೇಡಿ. ನಾಳೆಯೇ ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ. ನನ್ನ ಸೂಜಿಯಿಂದ ಇದು ಆಗುವುದಿಲ್ಲ."

ನಾನು ನಂಬಲಿಲ್ಲ. ನೋವಿದ್ದಾಗ ಓಡಿಸಬೇಡ ಅನ್ನದವರು, ನೋವು ಹೋದ ಮೇಲೆ ಬೇಡ ಅನ್ನುತ್ತಾರಲ್ಲ! ಕೆಳಗಿಳಿದು ನಿಲ್ದಾಣಕ್ಕೆ ಬಂದೆ. ಬಸ್ಸು ತುಂಬಿತ್ತು. ಮಂಜುಳಾ ಬಾಗಿಲಲ್ಲಿ ನಿಂತಿದ್ದಳು. ಸೀಟಿನ ಮೇಲೆ ಕುಳಿತೆ. ಇಂಜಿನ್ ಚಾಲೂ ಮಾಡಲು ಹೋದ ಕೈ ಅಲ್ಲೇ ನಿಂತಿತು. ನೋಡಿಯೇ ಬಿಡೋಣ ಅನ್ನಿಸಿತು.

ಬಲಗಾಲನ್ನು ಆಕ್ಸಲರೇಟರ್ ಮೇಲಿಟ್ಟು, ಎತ್ತಿ ಬ್ರೇಕಿಗೆ ತಂದೆ. ಸರಿಯಾಗಿ ಬಂತು. ಮತ್ತೆ ಮಾಡಿದೆ, ಬಂತು. ಮತ್ತೊಮ್ಮೆ. ನನ್ನ ಮೈ ಹಗುರಾಯಿತು. ಈ ಸಲ ಪಾದ ನೋಡದೆ, ರಸ್ತೆಯಲ್ಲಿ ಹಠಾತ್ತನೆ ಜಿಂಕೆ ಬಂದ ಹಾಗೆ ಯೋಚಿಸಿ, ಜೋರಾಗಿ ತುಳಿದೆ. ತುಳಿದಾಯಿತು ಅಂದುಕೊಂಡೆ. ಬಗ್ಗಿ ನೋಡಿದರೆ ಪಾದದ ತುದಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡಿದೆ. ಹಿಮ್ಮಡಿ ಮಾತ್ರ ನೆಲವನ್ನು ಒತ್ತುತ್ತಿತ್ತು.

ಹಿಂದೆ ತಿರುಗಿದೆ. ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದ ತಾಯಿ, ಶುಂಠಿ ಚೀಲ ಹಿಡಿದು ಕುಳಿತವರು, ಯೂನಿಫಾರ್ಮಿನ ಹುಡುಗಿಯರು. ಅವರಲ್ಲಿ ಒಬ್ಬರೂ ನನ್ನ ಕಾಲನ್ನು ನೋಡುತ್ತಿರಲಿಲ್ಲ. ಮಂಜುಳಾ ಮಾತ್ರ ನೋಡಿದ್ದಳು. ಹತ್ತಿರ ಬಂದು ಮೆಲ್ಲಗೆ, "ಅಣ್ಣಾ, ಇಳ್ದ್ಬುಡಿ. ಡಿಪೋಗೆ ನಾನು ಫೋನ್ ಮಾಡ್ತೀನಿ" ಎಂದಳು.

ಇಳಿದೆ. ಬೇರೆ ಚಾಲಕ ಬರುವವರೆಗೆ ಜನ ಗೊಣಗಿದರು. ಅದೇ ಬಸ್ಸಿನಲ್ಲಿ, ಮೂರನೆಯ ಸಾಲಿನಲ್ಲಿ ಪ್ರಯಾಣಿಕನಾಗಿ ಕುಳಿತು ಅಂತರಸಂತೆಗೆ ಬಂದೆ. ದಾರಿಯಲ್ಲಿ ದನದ ಹಿಂಡು ಅಡ್ಡ ಬಂದಾಗ ಹೊಸ ಚಾಲಕ ಗಕ್ಕನೆ ಬ್ರೇಕ್ ಹಾಕಿದ. ಕುಳಿತಲ್ಲೇ ನಾನೂ ಬಲಗಾಲನ್ನು ನೆಲಕ್ಕೆ ಒತ್ತಿದ್ದೆ. ಅವನ ಜಾಗದಲ್ಲಿ ನಾನಿದ್ದಿದ್ದರೆ?

ಮೈಸೂರಿನಲ್ಲಿ ಸ್ಕ್ಯಾನ್ ನೋಡಿದ ಶಸ್ತ್ರವೈದ್ಯರು ಆಪರೇಷನ್ ತಡ ಮಾಡಬಾರದು ಎಂದರು. ಮನೆಯಲ್ಲಿ ದೊಡ್ಡ ಗಲಾಟೆ. ಬೆನ್ನು ಕೊಯ್ಯಿಸಿದರೆ ಮಲಗಿದಲ್ಲೇ ಆಗುತ್ತಾರೆಂದು ಊರವರೆಲ್ಲ ಹೆದರಿಸಿದರು. ಜಯಮ್ಮನ ಸಿಟ್ಟು ಬೇರೆಯೇ ಕಡೆಗಿತ್ತು.

"ನೋವು ಓಗ್ಸಿ, ಕಾಲು ತಗುದ್ಬುಟ್ರಲ್ಲ ಆ ಡಾಕ್ಟ್ರು!"

ಆಪರೇಷನ್ನಿನ ಹಿಂದಿನ ದಿನ ಬೀನಾ ಡಾಕ್ಟರ್ ಆಸ್ಪತ್ರೆಗೇ ಬಂದರು. ಜಯಮ್ಮ ಅವರ ಮುಖಕ್ಕೇ ಅದನ್ನು ಕೇಳಿದಳು. ಡಾಕ್ಟರ್ ಬೇಸರಪಡಲಿಲ್ಲ. ಪಕ್ಕದಲ್ಲಿ ಕುಳಿತರು.

"ಸೂಜಿಯಿಂದ ಕಾಲು ಹೋಗಲಿಲ್ಲ ಅಮ್ಮ. ಮೆತ್ತೆ ಇನ್ನಷ್ಟು ಹೊರಗೆ ಬಂದದ್ದರಿಂದ ಹೋಯಿತು. ಕೆಲವು ಸಲ ನರ ಸೋತಾಗ ನೋವೂ ಹೇಳದೆ ಸುಮ್ಮನಾಗುತ್ತದೆ. ಇವರ ನೋವು ಎಷ್ಟು ಸೂಜಿಯಿಂದ ಹೋಯಿತು, ಎಷ್ಟು ತಾನಾಗಿ ಹೋಯಿತು, ಎಷ್ಟು ನರ ಸೋತು ಹೋಯಿತು, ನಿಜಕ್ಕೂ ನನಗೆ ಗೊತ್ತಿಲ್ಲ. ಸೂಜಿ ಕೆಲವರ ನೋವಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಯಾಕೆ ಅನ್ನುವುದನ್ನು ನಮ್ಮವರು ಇನ್ನೂ ಹುಡುಕುತ್ತಿದ್ದಾರೆ."

ಜಯಮ್ಮ ಅವರನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ ವೈದ್ಯರನ್ನು ನಾವಿಬ್ಬರೂ ಅದಕ್ಕೆ ಮೊದಲು ಕಂಡಿರಲಿಲ್ಲ. "ಊಟ ಆಯ್ತಾ ಮೇಡಂ?" ಎಂದು ಕೇಳಿದಳು ಜಯಮ್ಮ. ಅಲ್ಲಿಗೆ ಸಿಟ್ಟು ಇಳಿಯಿತು.

ಆಪರೇಷನ್ ಆಯಿತು. ಊರಿನವರು ಹೆದರಿಸಿದ ಹಾಗೆ ಏನೂ ಆಗಲಿಲ್ಲ. ಮರುದಿನವೇ ಎದ್ದು ನಡೆಸಿದರು. ಆದರೆ ಪಾದ ಒಮ್ಮೆಲೇ ಏಳಲಿಲ್ಲ. ದೀಪಾವಳಿಯ ಹೊತ್ತಿಗೆ ಬೆರಳು ಅಲುಗಿತು. ಸಂಕ್ರಾಂತಿಗೆ ಚಪ್ಪಲಿ ಕಾಲಲ್ಲೇ ನಿಂತಿತು. ಆ ಮಧ್ಯೆ ಬಿಗಿದುಕೊಂಡಿದ್ದ ಸೊಂಟಕ್ಕೆ, ಶಸ್ತ್ರವೈದ್ಯರನ್ನು ಕೇಳಿಕೊಂಡೇ, ಮತ್ತೆ ಬೀನಾ ಡಾಕ್ಟರ ಬಳಿ ಹೋದೆ. ಅವರು ಸೂಜಿಗಿಂತ ಹೆಚ್ಚಾಗಿ ವ್ಯಾಯಾಮ ಮಾಡಿಸಿದರು. ನನ್ನ ಬೀಡಿ ಚಟ ಬಿಡಿಸಿದರು, ಅದು ಬೆನ್ನಿನ ಮೆತ್ತೆಗೂ ಕೆಡುಕಂತೆ. ವೈದ್ಯಕೀಯ ಪರೀಕ್ಷೆಯಾಗಿ, ಮುಂದಿನ ಮುಂಗಾರಿಗೆ ಸ್ವಲ್ಪ ಮೊದಲು ಮತ್ತೆ ಸ್ಟಿಯರಿಂಗ್ ಹಿಡಿದೆ. ಈಗ ಸರಗೂರಿನ ಚಿಕ್ಕ ಮಾರ್ಗ. ಹೆಬ್ಬೆರಳು ಇವತ್ತಿಗೂ ಸ್ವಲ್ಪ ಸೋಮಾರಿ, ಕಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಬೀನಾ ಡಾಕ್ಟರ್ ಮದುವೆಯಾಗಿ ಊರು ಬಿಟ್ಟರು. ಗೊಬ್ಬರದ ಅಂಗಡಿಯ ಮೇಲೆ ಈಗ ಟ್ಯೂಷನ್ ನಡೆಯುತ್ತದೆ.

ಮೊನ್ನೆ ಸರಗೂರಿನಿಂದ ಮನೆಗೆ ಬಂದಾಗ ಜಯಮ್ಮ ಅಡುಗೆಮನೆಯಲ್ಲಿ ಹುರುಳಿಕಾಳಿನ ಸಾರು ಮಾಡುತ್ತಿದ್ದಳು. ಹಿಟ್ಟಿನ ಡಬ್ಬ ತೆಗೆಯಲು ಬಗ್ಗಿದವಳು, "ಉಸ್ಸಪ್ಪಾ" ಎಂದು ಒಲೆಯ ಕಟ್ಟೆ ಹಿಡಿದುಕೊಂಡು ನೆಟ್ಟಗಾದಳು. ಈ ಸದ್ದು ನಮ್ಮ ಮನೆಯಲ್ಲಿ ಹೊಸದಲ್ಲ. ಮಿಕ್ಸಿಯ ಸದ್ದಿನ ಹಾಗೆ ಅದೂ ಒಂದು. ಆ ದಿನ ಯಾಕೋ ಕಿವಿಗೆ ಬಿತ್ತು.

"ನೋವು ಎಲ್ಲಿಂದ ಸುರುವಾಯ್ತದೆ?" ಎಂದೆ.

"ಯಾವ ನೋವು?"

"ನಿನ್ನ ಸೊಂಟದ್ದು. ಕಾಲಿಗೆ ಇಳೀತದಾ? ಮಲಗುದ್ರೆ ಕಮ್ಮಿ ಆಯ್ತದಾ? ಯಾವತ್ತಿಂದ ಐತೆ?"

ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದೇನೆಯೇ ಎಂದು ಹುಡುಕಿದಳು. ನಾನು ಮಣೆ ಎಳೆದುಕೊಂಡು ಕುಳಿತೆ.

"ಕೂಸು ಉಟ್ಟಿದಾಗಿಂದ ಐತೆ ಕಣ್ರೀ" ಎಂದು ಶುರು ಮಾಡಿದಳು. ಮೊದಲ ಬಾಣಂತನ, ಆಮೇಲೆ ಅವಳಣ್ಣನ ಹೊಲದಲ್ಲಿ ಹೊಗೆಸೊಪ್ಪು ಮುರಿದ ವರ್ಷಗಳು, ಬೋರ್‌ವೆಲ್ ಕೆಟ್ಟು ಕೊಡ ಹೊತ್ತ ಬೇಸಿಗೆ, ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ. ನಡುನಡುವೆ ನಾನು ಮತ್ತೊಂದು ಪ್ರಶ್ನೆ ಕೇಳುತ್ತಿದ್ದೆ, ಅವಳು ಮತ್ತೊಂದು ವರ್ಷ ಹಿಂದಕ್ಕೆ ಹೋಗುತ್ತಿದ್ದಳು. ಸಾರು ಉಕ್ಕಿ ಒಲೆ ಆರಿಹೋದದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ.